ಪಿಎಚ್‌ಡಿ ವೈವಾಕ್ಕೆ ‘ನೂರು ಪ್ರಶ್ನೆಗಳ ಪಿಡಿಎಫ್’ ಬಾಯಿಪಾಠ ಮಾಡಿದರೆ ಸಾಕಾ?

ಸಂಶೋಧನಾ ವಿದ್ಯಾರ್ಥಿಗಳ ಯಾವುದಾದರೂ ವಾಟ್ಸಾಪ್ ಗುಂಪಿನಲ್ಲಿ ನೀವಿದ್ದರೆ ಈ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಒಂದು ಪಿಡಿಎಫ್. ವೈವಾದಲ್ಲಿ ಕೇಳುವ ನೂರು ಪ್ರಶ್ನೆಗಳು, ಉತ್ತರ ಸಹಿತ. ಕೆಳಗೆ ಒಂದು ಸಾಲು: ಇಷ್ಟನ್ನು ಬಾಯಿಪಾಠ ಮಾಡಿ, ಪಿಎಚ್‌ಡಿ ಗ್ಯಾರಂಟಿ, ಗೆಳೆಯರಿಗೂ ಕಳಿಸಿ.

ಇದರ ಜೊತೆಗೆ ಇನ್ನೆರಡು ಮಾತು ಬಾಯಿಂದ ಬಾಯಿಗೆ ಓಡಾಡುತ್ತಿರುತ್ತವೆ. ಒಂದು, ‘ವೈವಾ ಎಲ್ಲಾ ಬರೀ ನಾಟಕ, ಊಟ ಚೆನ್ನಾಗಿ ಹಾಕಿಸಿದರೆ ಮುಗೀತು’. ಇನ್ನೊಂದು ಇದಕ್ಕೆ ಪೂರ್ತಿ ಉಲ್ಟಾ: ‘ಎಕ್ಸಾಮಿನರ್ ಮೂಡ್ ಕೆಟ್ಟಿದ್ದರೆ ಐದು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ ನೀರಿಗೆ ಹೋಗುತ್ತದೆ’. ಒಂದೇ ಗುಂಪಿನಲ್ಲಿ, ಒಂದೇ ದಿನ, ಒಬ್ಬರೇ ಈ ಎರಡನ್ನೂ ಹೇಳಿದ್ದನ್ನು ನಾನು ನೋಡಿದ್ದೇನೆ.

ನನ್ನ ವೈವಾಕ್ಕೆ ನಾನೂ ಇಂಥದೇ ಪಟ್ಟಿಯೊಂದನ್ನು ಓದಿಕೊಂಡು ಹೋಗಿದ್ದೆ. ಯಾವ ಕೋಷ್ಟಕ ಯಾವ ಪುಟದಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವಷ್ಟು ತಯಾರಿ. ಸ್ಲೈಡ್‌ಗಳು ಮುಗಿದ ಮೇಲೆ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ಇಷ್ಟು ವರ್ಷ ಇದರ ಜೊತೆ ಇದ್ದೀರಲ್ಲಮ್ಮ, ಇದರಲ್ಲಿ ನಿಮಗೇ ಆಶ್ಚರ್ಯ ಆಗಿದ್ದು ಏನು?’ ಅಂದರು. ಅಷ್ಟೇ. ಆ ಪ್ರಶ್ನೆ ಪಟ್ಟಿಯಲ್ಲಿ ಇರಲಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ, ಆಮೇಲೆ ಥೀಸಿಸ್‌ನ ಸಾರಾಂಶವನ್ನು ಗಿಣಿಪಾಠದ ಹಾಗೆ ಒಪ್ಪಿಸತೊಡಗಿದೆ. ಅವರು ಮೆಲ್ಲಗೆ ನಕ್ಕು, ‘ಅದು ಪುಸ್ತಕದಲ್ಲೇ ಇದೆಯಲ್ಲ, ನಾನು ಓದಿದ್ದೀನಿ’ ಅಂದರು. ಡಿಗ್ರಿ ಬಂತು, ಅದರಲ್ಲೇನೂ ತೊಂದರೆಯಾಗಲಿಲ್ಲ. ಆದರೆ ಐದು ವರ್ಷ ನಾನೇ ಮಾಡಿದ ಕೆಲಸದ ಬಗ್ಗೆ ಐದು ನಿಮಿಷ ನನ್ನದೇ ಮಾತಿನಲ್ಲಿ ಮಾತಾಡಲಾಗಲಿಲ್ಲವಲ್ಲ ಎಂಬ ಕೊರಗು ಬಹಳ ದಿನ ಇತ್ತು.

ಹಾಗಾಗಿ ಈ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ವೈವಾಕ್ಕೆ ನಿಜವಾಗಿ ಕೆಲಸಕ್ಕೆ ಬರುವ ತಯಾರಿ ಯಾವುದು ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ನಿಯಮ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಪಿಎಚ್‌ಡಿ ಹೇಗೆ ನಡೆಯಬೇಕು ಎಂಬುದಕ್ಕೆ ಯುಜಿಸಿ 2022ರ ನವೆಂಬರ್‌ನಲ್ಲಿ ಹೊಸ ನಿಯಮಾವಳಿ ಹೊರಡಿಸಿತು. ಅದರ ಪ್ರಕಾರ ಥೀಸಿಸ್ ಅನ್ನು ನಿಮ್ಮ ಗೈಡ್ ಜೊತೆಗೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದಬೇಕು. ಇವರು ನಿಮ್ಮ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುವವರಾಗಿರಬಾರದು. ಆ ಇಬ್ಬರೂ ಒಪ್ಪಿಗೆ ಕೊಟ್ಟ ಮೇಲಷ್ಟೇ ವೈವಾ. ಒಬ್ಬರು ಒಪ್ಪಿ ಇನ್ನೊಬ್ಬರು ಬೇಡ ಎಂದರೆ ಥೀಸಿಸ್ ಮತ್ತೊಬ್ಬ ಪರೀಕ್ಷಕರಿಗೆ ಹೋಗುತ್ತದೆ. ಅವರು ಒಪ್ಪಿದರೆ ವೈವಾ, ಇಲ್ಲದಿದ್ದರೆ ಇಲ್ಲ. ವೈವಾದಲ್ಲಿ ಗೈಡ್ ಜೊತೆ ಆ ಹೊರಗಿನ ಪರೀಕ್ಷಕರಲ್ಲಿ ಒಬ್ಬರಾದರೂ ಇರಬೇಕು. ಆನ್‌ಲೈನ್‌ನಲ್ಲೂ ನಡೆಸಬಹುದು. ವಿಭಾಗದ ಮೇಷ್ಟ್ರುಗಳು, ಬೇರೆ ಸಂಶೋಧನಾ ವಿದ್ಯಾರ್ಥಿಗಳು ಬಂದು ಕೂರಬಹುದು. ಥೀಸಿಸ್ ಸಲ್ಲಿಸಿದ ದಿನದಿಂದ ವೈವಾ ಫಲಿತಾಂಶದವರೆಗಿನ ಎಲ್ಲ ಕೆಲಸ ಆರು ತಿಂಗಳಲ್ಲಿ ಮುಗಿಯಬೇಕು ಎಂದೂ ಅದರಲ್ಲಿದೆ. ಆರು ತಿಂಗಳ ಮಾತು ಎಲ್ಲ ಕಡೆ ಎಷ್ಟರಮಟ್ಟಿಗೆ ನಡೆಯುತ್ತದೆ ಎಂಬುದನ್ನು ಕಾದು ಕೂತವರೇ ಹೇಳಬೇಕು.

ಅಂದರೆ ವೈವಾ ದಿನ ನೀವು ಕೋಣೆಯೊಳಗೆ ಕಾಲಿಡುವ ಹೊತ್ತಿಗೆ ನಿಮ್ಮ ವಿಷಯ ಬಲ್ಲ, ನಿಮ್ಮ ಮುಖ ನೋಡದ ಇಬ್ಬರು ನಿಮ್ಮ ಕೆಲಸ ಓದಿ ‘ಇದು ಆಗಬಹುದು’ ಎಂದು ಬರೆದು ಕೊಟ್ಟಾಗಿದೆ. ‘ಮೂಡ್ ಕೆಟ್ಟರೆ ಎಲ್ಲ ಹೋಯ್ತು’ ಎಂಬ ಹೆದರಿಕೆಗೆ ಆಧಾರ ಕಡಿಮೆ. ಹಾಗಂತ ‘ಬರೀ ನಾಟಕ’ ಎನ್ನುವುದೂ ಸರಿಯಲ್ಲ. ಓದಿದವರಿಗೆ ಅನುಮಾನಗಳು ಉಳಿದಿರುತ್ತವೆ, ಅವನ್ನು ವರದಿಯಲ್ಲಿ ಬರೆದಿರುತ್ತಾರೆ. ಇದನ್ನು ನೀವೇ ಮಾಡಿದ್ದಾ, ಮಾಡಿದ್ದು ನಿಮಗೆ ಅರ್ಥವಾಗಿದೆಯಾ, ಇದರ ಮಿತಿ ಎಲ್ಲಿದೆ ಎಂಬುದು ನಿಮಗೆ ಗೊತ್ತಾ ಎಂದು ತಿಳಿಯಲು ಎದುರುಬದುರು ಕೂತು ಮಾತಾಡುವುದಕ್ಕಿಂತ ಒಳ್ಳೆಯ ದಾರಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಬೇರೆ ದೇಶಗಳಲ್ಲಿ ಇದರ ರೂಪ ಬೇರೆ ಬೇರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಪ್ರಶ್ನೋತ್ತರ ನಡೆಯುತ್ತಿರುವಾಗ ಗಡಿಯಾರ ನೋಡಿಕೊಂಡು ದಂಡ ಹಿಡಿದ ಅಧಿಕಾರಿಯೊಬ್ಬರು ಒಳಗೆ ಬಂದು ಲ್ಯಾಟಿನ್‌ನಲ್ಲಿ ‘ಹೊತ್ತಾಯಿತು’ ಎನ್ನುತ್ತಾರೆ, ಅಲ್ಲಿಗೆ ಮುಗೀತು, ಉತ್ತರ ಅರ್ಧಕ್ಕೆ ನಿಂತಿದ್ದರೂ ಸರಿಯೇ. ಬ್ರಿಟನ್ನಿನಲ್ಲಿ ಮುಚ್ಚಿದ ಬಾಗಿಲ ಹಿಂದೆ ಇಬ್ಬರು ಪರೀಕ್ಷಕರ ಜೊತೆ ಮಾತುಕತೆ. ಫಿನ್‌ಲ್ಯಾಂಡ್‌ನಲ್ಲಿ ಡಾಕ್ಟರೇಟ್ ಪದವಿ ಸಮಾರಂಭಕ್ಕೆ ಟೋಪಿ ಮಾತ್ರವಲ್ಲ, ಕತ್ತಿಯೂ ಇರುತ್ತದೆ. ನಮ್ಮಲ್ಲಿ ಶಾಲು, ಹಾರ, ಸಿಹಿ ಹಂಚುವುದು.

‘ಎಲ್ಲ ಗೊತ್ತಿದೆ’ ಎಂಬ ಮೋಸ

ಇನ್ನು ಪಿಡಿಎಫ್ ವಿಷಯ. ಅದರಲ್ಲಿರುವ ಪ್ರಶ್ನೆಗಳು ಕೆಟ್ಟವೇನಲ್ಲ. ‘ಈ ವಿಷಯ ಯಾಕೆ ಆರಿಸಿಕೊಂಡಿರಿ’, ‘ನಿಮ್ಮ ಕೊಡುಗೆ ಏನು’ ಇಂಥವು ನಿಜವಾಗಿಯೂ ಕೇಳುವಂಥವೇ. ತೊಂದರೆ ಇರುವುದು ‘ಉತ್ತರ ಸಹಿತ’ ಎಂಬಲ್ಲಿ. ಇನ್ಯಾರದೋ ಉತ್ತರವನ್ನು ನಾವು ಓದುತ್ತಾ ಹೋಗುತ್ತೇವೆ, ಓದಿದಾಗ ಎಲ್ಲ ಗೊತ್ತಿರುವಂತೆಯೇ ಅನ್ನಿಸುತ್ತದೆ.

ಈ ‘ಅನ್ನಿಸುವುದು’ ಎಷ್ಟು ಮೋಸಗಾರ ಎಂಬುದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೋನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ 2002ರಲ್ಲಿ ಚೆನ್ನಾಗಿ ತೋರಿಸಿದರು. ಪ್ಯಾಂಟಿನ ಜಿಪ್, ಟಾಯ್ಲೆಟ್ ಫ್ಲಷ್, ಹೊಲಿಗೆ ಯಂತ್ರ, ಬೀಗ ಮುಂತಾದವು ಹೇಗೆ ಕೆಲಸ ಮಾಡುತ್ತವೆ ಎಂಬುದು ನಿಮಗೆ ಎಷ್ಟು ಗೊತ್ತು, ನೀವೇ ಅಂಕ ಕೊಟ್ಟುಕೊಳ್ಳಿ ಅಂದರು. ಜನ ಧಾರಾಳವಾಗಿ ಕೊಟ್ಟುಕೊಂಡರು. ಆಮೇಲೆ, ಸರಿ, ಈಗ ಹಂತ ಹಂತವಾಗಿ ವಿವರಿಸಿ ಬರೆಯಿರಿ ಅಂದರು. ಬರೆಯಲು ಕೂತ ಮೇಲೆ ಪೆನ್ನು ನಿಂತಿತು. ಮತ್ತೆ ಅಂಕ ಕೇಳಿದಾಗ ಅದೇ ಜನ ತಮಗೆ ತಾವೇ ಕಡಿಮೆ ಕೊಟ್ಟುಕೊಂಡರು. ದಿನಾ ಜಿಪ್ ಎಳೆಯುತ್ತೇವೆ, ಆದ್ದರಿಂದ ಜಿಪ್ ಗೊತ್ತು ಅಂದುಕೊಂಡಿರುತ್ತೇವೆ.

ಈ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಇನ್ನೊಂದು ಅಂಶ. ದೇಶಗಳ ರಾಜಧಾನಿಯಂಥ ಮಾಹಿತಿಯಲ್ಲಿ, ಅಥವಾ ಒಂದು ಅಡುಗೆ ಮಾಡುವ ವಿಧಾನದಂಥ ವಿಷಯದಲ್ಲಿ ಜನ ಇಷ್ಟು ಮೋಸಹೋಗಲಿಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ ಎಂದು ಸರಿಯಾಗಿಯೇ ಹೇಳಿದರು. ಮೋಸ ಹೆಚ್ಚಾಗಿ ಆಗುವುದು ‘ಹೇಗೆ, ಯಾಕೆ ಹೀಗಾಗುತ್ತದೆ’ ಎಂಬ ವಿವರಣೆಯಲ್ಲಿ. ಥೀಸಿಸ್‌ಗೂ ಇದು ಹಾಗೆಯೇ ಹೊಂದುತ್ತದೆ. ಪ್ರಯೋಗ ಹೇಗೆ ಮಾಡಿದಿರಿ ಎಂದು ಕೇಳಿದರೆ ಪಿಎಚ್‌ಡಿ ವಿದ್ಯಾರ್ಥಿ ನಿದ್ದೆಯಲ್ಲೂ ಹೇಳುತ್ತಾರೆ. ಹಾಗೇ ಯಾಕೆ ಮಾಡಿದಿರಿ, ಬೇರೆ ಥರ ಮಾಡಿದ್ದರೆ ಏನಾಗುತ್ತಿತ್ತು ಎಂದರೆ ಗಂಟಲು ಒಣಗುತ್ತದೆ.

ಥೀಸಿಸ್ ಮತ್ತೆ ಮತ್ತೆ ಓದುವುದರ ಬಗ್ಗೆಯೂ ಒಂದು ಪ್ರಸಿದ್ಧ ಪ್ರಯೋಗವಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಸಣ್ಣ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಅವಧಿಯಲ್ಲೂ ಬರೀ ಓದಿತು, ಒಟ್ಟು ಸುಮಾರು 14 ಸಲ. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿ ಪಾಠ ಮುಚ್ಚಿಟ್ಟು ನೆನಪಿದ್ದುದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟಾಗ ಬರೀ ಓದಿದವರೇ ಮುಂದೆ, 83 ಪ್ರತಿಶತ ನೆನಪು. ಮುಚ್ಚಿಟ್ಟು ಬರೆದವರದು 71. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಿರುಗಿತ್ತು: ಓದಿದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಮಜಾ ಎಂದರೆ, ಒಂದು ವಾರದ ನಂತರ ನಿಮಗೆ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯವಾಗಿದ್ದವರು ಬರೀ ಓದಿದವರು.

ಇದು ಸಣ್ಣ ಪಾಠದ ಪ್ರಯೋಗ, ಇನ್ನೂರು ಪುಟದ ಥೀಸಿಸ್‌ನದ್ದಲ್ಲ. ಆದರೂ ತಯಾರಿ ಹೇಗಿರಬೇಕೆಂಬ ದಿಕ್ಕು ಸ್ಪಷ್ಟ. ಪುಸ್ತಕ ಮುಚ್ಚಬೇಕು, ಬಾಯಿ ತೆರೆಯಬೇಕು. ಹೀಗೆ ತನಗೆ ತಾನೇ ವಿವರಿಸಿಕೊಳ್ಳುವುದರಿಂದ ನೆನಪಷ್ಟೇ ಅಲ್ಲ, ತಿಳಿವಳಿಕೆಯೂ ಹೆಚ್ಚುತ್ತದೆ ಎಂಬುದಕ್ಕೆ ಮಿಶೆಲೀನ್ ಚಿ ಮತ್ತು ಸಂಗಡಿಗರ 1994ರ ಅಧ್ಯಯನವಿದೆ. ಎಂಟನೇ ತರಗತಿ ಮಕ್ಕಳಿಗೆ ರಕ್ತಪರಿಚಲನೆಯ ಪಾಠ ಕೊಟ್ಟು, ಒಂದು ಗುಂಪಿಗೆ ಪ್ರತಿ ಸಾಲಿನ ನಂತರ ‘ಇದರ ಅರ್ಥ ಏನು’ ಎಂದು ತಮಗೆ ತಾವೇ ಹೇಳಿಕೊಳ್ಳಲು ಹೇಳಿದರು. ಇನ್ನೊಂದು ಗುಂಪು ಅದೇ ಪಾಠವನ್ನು ಎರಡು ಸಲ ಓದಿತು. ಹೆಚ್ಚು ಕಲಿತದ್ದು ಹೇಳಿಕೊಂಡ ಮಕ್ಕಳು.

ಏನು? ಅದರಿಂದೇನು? ಮುಂದೇನು?

ಹಾಗಾದರೆ ತಮ್ಮನ್ನು ತಾವು ಏನು ಕೇಳಿಕೊಳ್ಳಬೇಕು? ಇದಕ್ಕೆ ನೂರು ಪ್ರಶ್ನೆ ಬೇಡ. ಅಮೆರಿಕದ ಶಿಕ್ಷಕ ಟೆರಿ ಬೋರ್ಟನ್ 1970ರಲ್ಲಿ ಮಕ್ಕಳಿಗೆ ಪಾಠ ಮಾಡುವ ಬಗ್ಗೆ ಬರೆದ ಪುಸ್ತಕದಲ್ಲಿ ಮೂರು ಸಣ್ಣ ಪ್ರಶ್ನೆಗಳನ್ನು ಮುಂದಿಟ್ಟರು. ಏನು? ಅದರಿಂದೇನು? ಮುಂದೇನು? ಆಮೇಲೆ ಇದು ನರ್ಸಿಂಗ್ ಶಿಕ್ಷಣಕ್ಕೆ ಹೋಯಿತು. ಡ್ಯೂಟಿ ಮುಗಿದ ಮೇಲೆ ಇವತ್ತು ವಾರ್ಡಿನಲ್ಲಿ ಏನಾಯಿತು, ಅದರ ಅರ್ಥವೇನು, ನಾಳೆ ಏನು ಬದಲಿಸಬೇಕು ಎಂದು ನರ್ಸುಗಳು ಯೋಚಿಸಿ ಬರೆಯಲು ಇದೇ ಮೂರು ಸಾಕಾಯಿತು. ವೈವಾಕ್ಕೆಂದು ಹುಟ್ಟಿದ ಪ್ರಶ್ನೆಗಳಲ್ಲ ಇವು. ಆದರೆ ಎಕ್ಸಾಮಿನರ್‌ಗಳ ಪ್ರಶ್ನೆಗಳನ್ನು ಜರಡಿ ಹಿಡಿದರೆ ಹೆಚ್ಚಿನವು ಈ ಮೂರರಲ್ಲಿ ಒಂದಕ್ಕೆ ಬಂದು ಬೀಳುತ್ತವೆ.

ಒಂದು ಕಾಲ್ಪನಿಕ ಥೀಸಿಸ್ ಇಟ್ಟುಕೊಂಡು ನೋಡೋಣ. ತುಮಕೂರು ಜಿಲ್ಲೆಯ ಪಾವಗಡ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಒಬ್ಬಳು ವಿದ್ಯಾರ್ಥಿನಿ ಅಳೆದಿದ್ದಾಳೆ ಅಂದುಕೊಳ್ಳಿ. ಆ ಭಾಗದಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಜ, ಥೀಸಿಸ್ ಮಾತ್ರ ನಮ್ಮ ಕಲ್ಪನೆ.

ಮೊದಲ ಪ್ರಶ್ನೆ, ಏನು. ‘ನೀನು ಮಾಡಿದ್ದು ಏನು?’ ಇಲ್ಲಿ ಎಲ್ಲರೂ ಮೊದಲ ಅಧ್ಯಾಯದಿಂದ ಶುರು ಮಾಡುತ್ತಾರೆ. ಭೂಮಿಯ ಮುಕ್ಕಾಲು ಭಾಗ ನೀರು ಎಂಬಲ್ಲಿಂದ. ಅದನ್ನು ಬಿಟ್ಟು ಎರಡೇ ನಿಮಿಷದಲ್ಲಿ, ಥೀಸಿಸ್ ನೋಡದೆ, ಹೇಳಿ ನೋಡಬೇಕು: ಇಷ್ಟು ಊರಿನ ಇಷ್ಟು ಬೋರ್‌ವೆಲ್‌ಗಳಿಂದ ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನೀರು ತಂದೆ, ಫ್ಲೋರೈಡ್ ಅಳೆದೆ, ಜೊತೆಗೆ ಕ್ಯಾಲ್ಸಿಯಂ, ಬೈಕಾರ್ಬೊನೇಟ್, ಪಿಎಚ್ ನೋಡಿದೆ, ಬೋರ್‌ವೆಲ್ ಎಷ್ಟು ಅಡಿ ಅಂತ ಮಾಲೀಕರನ್ನು ಕೇಳಿ ಬರೆದುಕೊಂಡೆ. ಇಷ್ಟು ಹೇಳುವಷ್ಟರಲ್ಲೇ ಹುಳುಕುಗಳು ತಾವಾಗಿ ಕಾಣತೊಡಗುತ್ತವೆ. ಆಳ ಎಷ್ಟು ಎಂದು ಮಾಲೀಕರು ಬಾಯಲ್ಲಿ ಹೇಳಿದ್ದು ತಾನೆ? ಅದು ಎಷ್ಟು ಸರಿ? ಬೋರ್‌ವೆಲ್‌ಗಳನ್ನು ಹೇಗೆ ಆರಿಸಿದೆ, ರಸ್ತೆ ಪಕ್ಕ ಸಿಕ್ಕವೇ ಹೆಚ್ಚಾಗಿಬಿಟ್ಟವಾ? ಇವನ್ನು ಎಕ್ಸಾಮಿನರ್ ಕೇಳುವ ಮೊದಲು ತನ್ನ ಬಾಯಿಂದ ತಾನೇ ಕೇಳಿಸಿಕೊಂಡರೆ ಅರ್ಧ ಭಾರ ಇಳಿಯುತ್ತದೆ.

ಎರಡನೆಯದು, ಅದರಿಂದೇನು. ನನ್ನ ಪ್ರಕಾರ ಮೂರರಲ್ಲಿ ಅತಿ ಕಷ್ಟದ ಪ್ರಶ್ನೆ ಇದೇ, ತಯಾರಿಯ ಹೆಚ್ಚಿನ ಹೊತ್ತು ಇದಕ್ಕೇ ಕೊಡಬೇಕು. ಇದನ್ನು ಅತ್ಯಂತ ಚೆನ್ನಾಗಿ ಕೇಳುವವರು ಪ್ರೊಫೆಸರ್‌ಗಳಲ್ಲ, ಮನೆಯವರು. ‘ಅಲ್ಲ ಕಣೇ, ಆ ನೀರು ಸರಿಯಿಲ್ಲ ಅಂತ ಊರವರಿಗೆ ಮೊದಲೇ ಗೊತ್ತಿತ್ತಲ್ಲ, ನೀನು ಹೊಸದಾಗಿ ಹೇಳಿದ್ದೇನು?’ ಎಂದು ಅಮ್ಮ ಕೇಳುತ್ತಾರೆ. ಸಿಟ್ಟು ಬರುತ್ತದೆ. ಆದರೆ ಇದು ಥೀಸಿಸ್‌ನ ಹೊಟ್ಟೆಗೇ ಕೈ ಹಾಕುವ ಪ್ರಶ್ನೆ.

ಈ ಪ್ರಶ್ನೆಗೆ ‘ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ’ ಎಂಬುದು ಉತ್ತರವಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಆಗಬಹುದು ಎಂದು ಭಾರತೀಯ ಮಾನಕ ಸಂಸ್ಥೆ ಹೇಳುತ್ತದೆ. ಹೆಚ್ಚಿದೆ ಎನ್ನಲು ಒಂದು ಪರೀಕ್ಷಾ ಕಿಟ್ ಸಾಕು, ಪಿಎಚ್‌ಡಿ ಬೇಡ. ಆದರೆ ‘ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳಲ್ಲಿ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಯಾಕೆ’ ಎಂಬುದಕ್ಕೆ ಅವಳ ಬಳಿ ವಿವರಣೆ ಇದ್ದರೆ ಅಲ್ಲಿ ಪಿಎಚ್‌ಡಿ ಇದೆ. ಗ್ರಾನೈಟ್‌ನಂಥ ಕಲ್ಲಿನಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೂರಿಸುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಬೈಕಾರ್ಬೊನೇಟ್ ಹೆಚ್ಚಿರುವ ಕ್ಷಾರೀಯ ನೀರಿನಲ್ಲಿ ಫ್ಲೋರೈಡ್ ಕರಗಿ ಉಳಿಯುತ್ತದೆ. ಇದು ವಿಜ್ಞಾನಕ್ಕೆ ಗೊತ್ತಿರುವ ಸಂಗತಿ. ಅವಳು ಅಳೆದ ಅಂಕಿಗಳು ಇದಕ್ಕೆ ಹೊಂದುತ್ತವೆಯಾ? ಎಲ್ಲಿ ಹೊಂದುವುದಿಲ್ಲ? ಹೊಂದದ ಆ ನಾಲ್ಕಾರು ಬೋರ್‌ವೆಲ್‌ಗಳ ಕತೆ ಏನು?

ಆ ಹೊಂದದ ನಾಲ್ಕಾರನ್ನು ಥೀಸಿಸ್ ಬರೆಯುವಾಗ ನಾವೆಲ್ಲ ಒಂದು ಸಾಲಿನಲ್ಲಿ ದಾಟಿಸಿಬಿಡುತ್ತೇವೆ. ಎಕ್ಸಾಮಿನರ್ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ‘ನಿಮಗೆ ಆಶ್ಚರ್ಯ ಆಗಿದ್ದು ಏನು’ ಎಂದು ನನ್ನನ್ನು ಕೇಳಿದ್ದರಲ್ಲ, ಅದಕ್ಕೆ ಉತ್ತರವೂ ಇಂಥ ಜಾಗದಲ್ಲೇ ಇತ್ತು. ಮೂರನೆಯ ವರ್ಷ ಒಂದು ಫಲಿತಾಂಶ ಎಲ್ಲಕ್ಕೂ ಉಲ್ಟಾ ಬಂದಿತ್ತು. ವಾರಗಟ್ಟಲೆ ನಿದ್ದೆಗೆಟ್ಟಿದ್ದೆ. ವೈವಾ ದಿನ ಅದು ನೆನಪಿಗೇ ಬರಲಿಲ್ಲ, ಯಾಕೆಂದರೆ ಸ್ಲೈಡ್‌ನಲ್ಲಿ ಅದು ಇರಲಿಲ್ಲ.

ಮೂರನೆಯದು, ಮುಂದೇನು. ಇದನ್ನು ‘ಭವಿಷ್ಯದ ಸಂಶೋಧನೆಗೆ ಅವಕಾಶಗಳು’ ಎಂಬ ಕೊನೆಯ ಒಂದೂವರೆ ಪುಟ ಎಂದು ತಿಳಿದು ಸುಮ್ಮನಾಗುವವರೇ ಹೆಚ್ಚು. ಆದರೆ ಚರಿತ್ರೆಯಲ್ಲಿ ಬಹಳ ದೊಡ್ಡ ವೈವಾ ಪ್ರಶ್ನೆಯೊಂದು ಈ ಜಾತಿಯದೇ ಆಗಿತ್ತು. 1924ರ ನವೆಂಬರ್, ಪ್ಯಾರಿಸ್. ಲೂಯಿ ಡಿ ಬ್ರಾಯ್ ಎಂಬ ಫ್ರೆಂಚ್ ಸಂಶೋಧಕರು ಎಲೆಕ್ಟ್ರಾನಿನಂಥ ಕಣಕ್ಕೂ ಅಲೆಯ ಗುಣ ಇದೆ ಎಂಬ ವಿಚಿತ್ರ ವಾದವನ್ನು ಥೀಸಿಸ್ ಆಗಿ ತಂದಿದ್ದರು. ಪರೀಕ್ಷಕರಲ್ಲಿ ಭೌತವಿಜ್ಞಾನಿ ಜೀನ್ ಪೆರ್‍ಯಾಂ ಇದ್ದರು. ಈ ಅಲೆಗಳನ್ನು ಪ್ರಯೋಗದಲ್ಲಿ ನೋಡಲು ಸಾಧ್ಯವಾ ಎಂದು ಅವರು ಕೇಳಿದರು. ಹರಳಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದರೆ ಬೆಳಕಿನ ಅಲೆಗಳು ಚದುರುವ ಹಾಗೆ ಅವೂ ಚದುರುವುದು ಕಾಣಬೇಕು ಎಂದು ಡಿ ಬ್ರಾಯ್ ಉತ್ತರಿಸಿದರು. ಆಗ ಅದನ್ನು ಯಾರೂ ತೋರಿಸಿರಲಿಲ್ಲ. 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ನಿಕಲ್ ಹರಳಿನ ಮೇಲೆ ಸರಿಯಾಗಿ ಅದನ್ನೇ ಕಂಡರು. 1929ರಲ್ಲಿ ಡಿ ಬ್ರಾಯ್‌ಗೆ ನೊಬೆಲ್ ಬಂತು. ನಮ್ಮ ನಿಮ್ಮ ಥೀಸಿಸ್ ಆ ಮಟ್ಟದ್ದಲ್ಲ, ಇರಲಿ. ಗಮನಿಸಬೇಕಾದ್ದು ಉತ್ತರದ ಬಗೆಯನ್ನು. ನನ್ನ ಮಾತು ನಿಜವಾದರೆ ಇಂಥಲ್ಲಿ, ಇಂಥದ್ದು ಕಾಣಬೇಕು ಎಂದು ಬೆರಳಿಟ್ಟು ತೋರಿಸಿದರು.

ಪಾವಗಡದ ನಮ್ಮ ಹುಡುಗಿ ‘ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕು’ ಅಂದರೆ ಅದು ಉತ್ತರವಲ್ಲ. ‘ಮಳೆನೀರು ಇಂಗಿಸುವ ಗುಂಡಿಗಳ ಹತ್ತಿರದ ಬೋರ್‌ವೆಲ್‌ಗಳಲ್ಲಿ ಎರಡು ಮಳೆಗಾಲ ಅಳೆದರೆ, ನನ್ನ ವಿವರಣೆ ಸರಿಯಿದ್ದಲ್ಲಿ ಅಲ್ಲಿ ಫ್ಲೋರೈಡ್ ಇಳಿಯಬೇಕು, ಇಳಿಯದಿದ್ದರೆ ನನ್ನ ವಿವರಣೆಯಲ್ಲೇ ಏನೋ ತಪ್ಪಿದೆ’ ಅಂದರೆ ಅದು ಉತ್ತರ.

ಮಾಡುವುದು ಹೇಗೆ

ವೈವಾ ತಾರೀಖು ಗೊತ್ತಾದ ಮೇಲೆ ಹೆಚ್ಚೇನೂ ಸಾಮಗ್ರಿ ಬೇಡ. ಫೋನಿನ ವಾಯ್ಸ್ ರೆಕಾರ್ಡರ್ ಸಾಕು. ಒಂದು ದಿನಕ್ಕೆ ಒಂದು ಅಧ್ಯಾಯ. ಥೀಸಿಸ್ ಮುಚ್ಚಿಟ್ಟು ಆ ಅಧ್ಯಾಯಕ್ಕೆ ಮೂರೂ ಪ್ರಶ್ನೆ ಕೇಳಿಕೊಂಡು ಗಟ್ಟಿಯಾಗಿ ಉತ್ತರ ಹೇಳಿ, ರೆಕಾರ್ಡ್ ಮಾಡಿ. ಆಮೇಲೆ ಕೇಳಿ. ತಮ್ಮ ದನಿ ತಾವು ಕೇಳುವುದು ಯಾರಿಗೂ ಹಿತವಲ್ಲ, ಆದರೂ ಕೇಳಿ. ಎಲ್ಲಿ ‘ಅದು... ಒಂಥರಾ...’ ಎಂದು ತಡವರಿಸಿದ್ದೀರೋ ಅದನ್ನು ಮಾತ್ರ ಗುರುತು ಹಾಕಿಕೊಂಡು, ಥೀಸಿಸ್ ತೆರೆದು, ಅಷ್ಟನ್ನೇ ಓದಿ. ಎರಡು ದಿನ ಬಿಟ್ಟು ಅದೇ ಅಧ್ಯಾಯ ಮತ್ತೊಮ್ಮೆ. ಒಂದೇ ದಿನ ಹತ್ತು ಸಲ ಹೇಳುವುದಕ್ಕಿಂತ ಬಿಡುವು ಕೊಟ್ಟು ಹೇಳಿದ್ದು ಹೆಚ್ಚು ದಿನ ಉಳಿಯುತ್ತದೆ ಎಂಬುದು ಹೊಸ ಸಂಗತಿಯಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ಬರೆದಿದ್ದರು.

ಪರೀಕ್ಷಕರ ವರದಿಗಳು ಕೈಗೆ ಸಿಕ್ಕಿದ್ದರೆ ಅವು ಯಾವ ಪಿಡಿಎಫ್‌ಗಿಂತಲೂ ಬೆಲೆಬಾಳುವ ಪ್ರಶ್ನೆಪತ್ರಿಕೆ. ಎಷ್ಟೋ ಜನ ‘ಒಪ್ಪಿದ್ದಾರಾ’ ಎಂದಷ್ಟೇ ನೋಡಿ ಮಡಚಿಡುತ್ತಾರೆ. ಅದರ ಪ್ರತಿ ಟೀಕೆಯನ್ನೂ ಒಂದು ಹಾಳೆಯ ಎಡಗಡೆ ಬರೆದು, ಬಲಗಡೆ ಮೂರರಲ್ಲಿ ಒಂದು ಬರೆಯಿರಿ: ಒಪ್ಪಿದೆ, ತಿದ್ದಿದ್ದೇನೆ. ಒಪ್ಪುವುದಿಲ್ಲ, ಕಾರಣ ಇಂಥದು. ನಿಜ, ಆದರೆ ಈ ಥೀಸಿಸ್‌ನಲ್ಲಿ ಅದನ್ನು ಮಾಡಲು ಆಗುತ್ತಿರಲಿಲ್ಲ, ಯಾಕೆಂದರೆ ಹೀಗೆ. ವೈವಾದ ಬಹುಪಾಲು ಇಲ್ಲೇ ನಡೆಯುತ್ತದೆ.

ಆಮೇಲೆ, ಮನುಷ್ಯರ ಎದುರು ಹೇಳಿ. ನಿಮ್ಮ ವಿಷಯ ಗೊತ್ತಿರುವ ಒಬ್ಬರು, ಏನೂ ಗೊತ್ತಿಲ್ಲದ ಒಬ್ಬರು. ಮಹಾಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಮನೆಯಲ್ಲಿ ಕನ್ನಡದಲ್ಲೇ ಹೇಳಿ. ನನ್ನ ಅನುಭವದಲ್ಲಿ ಕನ್ನಡಕ್ಕೆ ತಂದಾಗಲೇ ಎಷ್ಟೋ ಇಂಗ್ಲಿಷ್ ಪದಗಳ ಹಿಂದೆ ನಾನು ಅಡಗಿ ಕೂತಿದ್ದೆ ಎಂದು ಗೊತ್ತಾಗಿದ್ದು. ‘ಸಿಗ್ನಿಫಿಕೆಂಟ್’ ಎಂದು ಇಪ್ಪತ್ತು ಸಲ ಬರೆದಿರುತ್ತೇವೆ. ಅದು ‘ಮುಖ್ಯ’ ಎಂದಲ್ಲ, ಅಂಕಿಅಂಶದ ಲೆಕ್ಕದಲ್ಲಿ ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ ಎಂದು ಅಜ್ಜಿಗೆ ಹೇಳುವಷ್ಟರಲ್ಲಿ ನಮಗೂ ಗೊತ್ತಾಗುತ್ತದೆ.

ಎಐ ಚಾಟ್‌ಬಾಟ್ ಬಳಸಬಹುದಾ? ಪ್ರಶ್ನೆ ಕೇಳಲು ಬಳಸಬಹುದು, ಕೆಲವು ಒಳ್ಳೆಯ ಪ್ರಶ್ನೆಗಳನ್ನೇ ಕೇಳುತ್ತದೆ. ಉತ್ತರ ಬರೆಸಿಕೊಂಡು ಬಾಯಿಪಾಠ ಮಾಡಿದಿರೋ, ಅದು ಹೊಸ ಬಟ್ಟೆ ತೊಟ್ಟ ಅದೇ ಹಳೆಯ ಪಿಡಿಎಫ್. ಇನ್ನೂ ಪ್ರಕಟವಾಗದ ಅಂಕಿಅಂಶಗಳನ್ನು ಅದಕ್ಕೆ ಅಪ್‌ಲೋಡ್ ಮಾಡುವ ಮೊದಲು ಗೈಡ್ ಹತ್ತಿರ ಒಂದು ಮಾತು ಕೇಳಿ.

ಗೊತ್ತಿಲ್ಲದ್ದು ಕೇಳಿದರೆ?

ಕೇಳೇ ಕೇಳುತ್ತಾರೆ. ಗೊತ್ತಿರುವುದರ ಅಂಚು ಎಲ್ಲಿದೆ ಎಂದು ನೋಡುವುದೇ ಅವರ ಕೆಲಸ. ‘ಗೊತ್ತಿಲ್ಲ’ ಅಂದರೆ ಫೇಲ್ ಎಂಬುದು ಇನ್ನೊಂದು ಫಾರ್ವರ್ಡ್ ಮಾತು. ಬರೀ ‘ಗೊತ್ತಿಲ್ಲ ಸರ್’ ಎಂದು ತಲೆ ತಗ್ಗಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ನಿಜ. ‘ಇದನ್ನು ನಾನು ಅಳೆದಿಲ್ಲ ಮೇಡಂ. ಅಳೆಯಬೇಕಿದ್ದರೆ ಹೀಗೆ ಮಾಡುತ್ತಿದ್ದೆ, ಇಂಥ ಫಲಿತಾಂಶ ಬರಬಹುದು ಅನ್ನಿಸುತ್ತದೆ, ಆದರೆ ನನ್ನ ದತ್ತಾಂಶದಿಂದ ಅದನ್ನು ಹೇಳಲಾಗುವುದಿಲ್ಲ’ ಎಂದರೆ ಅದು ಸಂಶೋಧಕರ ಮಾತು. ಸುಳ್ಳು ಜೋಡಿಸಿ ಹೇಳಿದ್ದನ್ನು ಆ ವಿಷಯದಲ್ಲಿ ಮೂವತ್ತು ವರ್ಷ ಕಳೆದವರು ಎರಡನೇ ಪ್ರಶ್ನೆಯಲ್ಲಿ ಹಿಡಿಯುತ್ತಾರೆ.

ಎದೆ ಡವಡವ ಅನ್ನುವುದಕ್ಕೆ ‘ಶಾಂತವಾಗಿರು, ಶಾಂತವಾಗಿರು’ ಎಂದು ಹೇಳಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಇದೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಭಾಷಣಕ್ಕೆ ಮುಂಚೆ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನಾನು ಉತ್ಸಾಹದಲ್ಲಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿಕೊಂಡವರು ಚೆನ್ನಾಗಿ ಮಾತಾಡಿದರು. ಹೆದರಿಕೆಗೂ ಉತ್ಸಾಹಕ್ಕೂ ಎದೆಬಡಿತ ಒಂದೇ, ಹೆಸರು ಬದಲಿಸುವುದು ಸುಲಭ ಎಂಬುದು ಅದರ ಹಿಂದಿನ ಯೋಚನೆ. ಇದು ಎಲ್ಲರಿಗೂ ಒಗ್ಗುವ ಮಂತ್ರವೇನಲ್ಲ, ಖರ್ಚಿಲ್ಲದ ಪ್ರಯತ್ನ ಅಷ್ಟೇ. ಪ್ಯಾನಿಕ್ ಆಗಿ ಉಸಿರೇ ಕಟ್ಟುವಂತಾಗುತ್ತಿದ್ದರೆ, ವಾರಗಟ್ಟಲೆ ನಿದ್ದೆ ಬರದಿದ್ದರೆ ಅದಕ್ಕೆ ಬೇಕಾದ್ದು ಡಾಕ್ಟರ ಅಥವಾ ಆಪ್ತಸಮಾಲೋಚಕರ ನೆರವು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಜೊತೆಗೇ ಓಡಾಡುವ ಇನ್ನೆರಡು

‘ಆರು ವರ್ಷದ ಮಗುವಿಗೆ ವಿವರಿಸಲಾಗದಿದ್ದರೆ ನಿಮಗೇ ಅರ್ಥವಾಗಿಲ್ಲ’ ಎಂಬ ಮಾತು ಐನ್‌ಸ್ಟೈನ್ ಫೋಟೋ ಜೊತೆ ಬರುತ್ತದೆ. ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ಆಧಾರ ಸಿಕ್ಕಿಲ್ಲ. ಮಾತಿನಲ್ಲಿ ಸ್ವಲ್ಪ ಹುರುಳಿದೆ, ಫೋಟೋ ಮಾತ್ರ ಸುಮ್ಮನೆ.

‘ಸಾಫ್ಟ್‌ವೇರ್‌ನಲ್ಲಿ ಶೇಕಡಾ 10ರ ಒಳಗೆ ಬಂದಿದೆ, ಆದ್ದರಿಂದ ನಕಲು ಬಗ್ಗೆ ವೈವಾದಲ್ಲಿ ಕೇಳುವಂತಿಲ್ಲ’ ಎಂಬುದು ಇನ್ನೊಂದು. ಯುಜಿಸಿಯ 2018ರ ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದಿರುವುದು ಹೌದು. ಆದರೆ ಸಾಫ್ಟ್‌ವೇರ್ ಅಳೆಯುವುದು ಪದಗಳ ಹೋಲಿಕೆಯನ್ನು. ಇನ್ನೊಬ್ಬರ ಯೋಚನೆಯನ್ನು ಬೇರೆ ಪದಗಳಲ್ಲಿ ಬರೆದರೆ ಅದು ಹಿಡಿಯದೇ ಹೋಗಬಹುದು. ‘ಈ ಯೋಚನೆ ನಿಮಗೆ ಎಲ್ಲಿಂದ ಬಂತು?’ ಎಂದು ಎಕ್ಸಾಮಿನರ್ ಕೇಳಿದರೆ ಪ್ರತಿಶತ ತೋರಿಸಿ ತಪ್ಪಿಸಿಕೊಳ್ಳಲಾಗುವುದಿಲ್ಲ.

ಆ ನೂರು ಪ್ರಶ್ನೆಗಳ ಪಿಡಿಎಫ್ ನಿಮ್ಮ ಫೋನಿನಲ್ಲಿದ್ದರೆ ಡಿಲೀಟ್ ಮಾಡಬೇಕಿಲ್ಲ. ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಪ್ರಶ್ನೆಗಳನ್ನು ಮಾತ್ರ ಓದಿ. ಗುಂಪಿಗೆ ಕಳಿಸುವುದಿದ್ದರೆ ಉತ್ತರದ ಪುಟಗಳನ್ನು ತೆಗೆದು ಕಳಿಸಿ.